ನಲವತ್ತೊಂದನೆಯ ಹಳದಿ ಚೀಟಿ

ನನಗೆ ಮೂಗಿನ ತುದಿಯಲ್ಲೇ ಕೋಪ. ಈ ಕಾಲೇಜಿನ ಕಟ್ಟಡಗಳ ಮೇಲ್ವಿಚಾರಕನಾಗಿ ಇಪ್ಪತ್ತೆಂಟು ವರ್ಷವಾಯಿತು. ನನ್ನಿಂದ ಬೈಸಿಕೊಳ್ಳದ ನಲ್ಲಿ ರಿಪೇರಿಯವನಿಲ್ಲ, ಬಣ್ಣದವನಿಲ್ಲ, ಬಲ್ಬು ಹಾಕುವವನಿಲ್ಲ. ಬೆಂಚಿನ ಮೇಲೆ ಹೆಸರು ಕೆತ್ತುವ ವಿದ್ಯಾರ್ಥಿಗಳಂತೂ ನನ್ನ ಚಪ್ಪಲಿಯ ಸದ್ದು ಕೇಳಿದರೇ ಕಾಲಿಗೆ ಬುದ್ಧಿ ಹೇಳುತ್ತಾರೆ. ಬೇರೆಯವರ ತಪ್ಪು ನನಗೆ ಹತ್ತು ಮಾರು ದೂರದಿಂದಲೇ ಕಾಣುತ್ತದೆ. ನನ್ನ ತಪ್ಪು ಕಾಣುವುದಕ್ಕೆ ನಾಲ್ಕು ತಿಂಗಳು ಬೇಕಾಯಿತು. ಕಂಡ ಮೇಲೆ ಬಾಯಿ ಬಿಡುವುದಕ್ಕೆ ಇನ್ನೂ ಒಂಬತ್ತು ದಿನ.

ನಮ್ಮ ಕಾಲೇಜಿನ ಹಳೆಯ ಕಟ್ಟಡ ಕಟ್ಟಿದ ಕಾಲದಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಎಂದರೆ ಎಲ್ಲರಿಗೂ ಅಚ್ಚುಮೆಚ್ಚು. ಬೆಂಕಿಗೆ ಜಗ್ಗುವುದಿಲ್ಲ, ನೀರಿಗೆ ಕೊಳೆಯುವುದಿಲ್ಲ, ಗೆದ್ದಲು ಮೂಸುವುದಿಲ್ಲ. ಹಾಗಾಗಿ ಚಾವಣಿಗೂ ಅದೇ, ಪೈಪಿನ ಸುತ್ತಲೂ ಅದೇ, ಕೆಲವು ಕೋಣೆಗಳ ಗೋಡೆಗೂ ಅದರದೇ ಹಲಗೆ. ಅದರ ಪುಡಿ ಉಸಿರಿನ ಜೊತೆ ಒಳಗೆ ಹೋಗಿ ಕೂತರೆ ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಇದ್ದು ಆಮೇಲೆ ಎದೆಯನ್ನು ತಿನ್ನಲು ಶುರುಮಾಡಬಹುದು ಎಂಬುದು ಎಲ್ಲರಿಗೂ ಗೊತ್ತಾದದ್ದು ತಡವಾಗಿ. ಏಳು ವರ್ಷದ ಹಿಂದೆ ಸಮೀಕ್ಷೆಯವರು ಬಂದು ಎಲ್ಲೆಲ್ಲಿ ಇದೆಯೆಂದು ಹುಡುಕಿ, ನಲವತ್ತೊಂದು ಜಾಗ ಗುರುತುಮಾಡಿ, ಒಂದು ದಪ್ಪ ರಿಜಿಸ್ಟರನ್ನು ನನ್ನ ಕೈಗಿತ್ತರು.

ಎರಡು ದಿನ ತರಬೇತಿಯೂ ಆಯಿತು. ಪಾಠ ಹೇಳಿದ ಹೆಂಗಸು ಒಂದೇ ಮಾತನ್ನು ಹತ್ತು ಸಲ ಹೇಳಿದಳು. "ನೋಡಿ, ಇದನ್ನ ಕಂಡು ಹೆದರ್ಬೇಡಿ. ಹಲಗೆ ಗಟ್ಟಿಯಾಗಿದ್ರೆ ಇದ್ದ ಕಡೆ ಇರ್ಲಿ. ಕೊರೀಬೇಡಿ, ಕುಯ್ಯಬೇಡಿ, ಉಜ್ಜಬೇಡಿ. ಯಾರೇ ಗೋಡೆ ಮುಟ್ಟೋಕೆ ಮುಂಚೆ ರಿಜಿಸ್ಟರ್ ತೆಗೆದು ನೋಡಿ, ಅನುಮತಿ ಚೀಟಿ ಬರೆದು ಕೊಡಿ. ವರ್ಷಕ್ಕೊಂದು ಸಲ ನಲವತ್ತೊಂದು ಜಾಗಕ್ಕೂ ನೀವೇ ಹೋಗಿ ಕಣ್ಣಾರೆ ನೋಡಿ ಸಹಿ ಹಾಕಿ."

ಪ್ರತಿ ಮೊಳೆಗೂ ರಿಜಿಸ್ಟರ್ ತೆಗೆಯುವ ತಾಳ್ಮೆ ನನಗೆಲ್ಲಿಂದ ಬರಬೇಕು? ನಾನೊಂದು ಉಪಾಯ ಮಾಡಿದೆ. ಅಂಗೈಯಗಲದ ಹಳದಿ ಚೀಟಿ ಮಾಡಿಸಿ ನಲವತ್ತೊಂದು ಕಡೆಯೂ ಅಂಟಿಸಿಬಿಟ್ಟೆ. ಕೆಲಸದವರಿಗೆಲ್ಲ ಹೇಳಿದೆ, "ಹಳದಿ ಇದ್ರೆ ಮುಟ್ಬೇಡಿ, ಇಲ್ದಿದ್ರೆ ಕೊರೀರಿ. ಸುಮ್ನೆ ನನ್ನ ತಲೆ ತಿನ್ಬೇಡಿ." ಅನುಮತಿ ಚೀಟಿಯ ಪುಸ್ತಕದ ಮೊದಲ ಹಾಳೆಯೂ ಹರಿಯಲಿಲ್ಲ. ಆ ಹೆಂಗಸು ಇನ್ನೊಂದು ಸಲ ಬಂದಾಗ ಹಳದಿ ಚೀಟಿ ನೋಡಿ, "ಇದು ಒಳ್ಳೇದೇ. ಆದ್ರೆ ಚೀಟಿ ಬಿದ್ದು ಹೋಗುತ್ತೆ, ರಿಜಿಸ್ಟರ್ ಬೀಳಲ್ಲ," ಎಂದಳು. ನಾನು ನಕ್ಕು ತಲೆಯಾಡಿಸಿದೆ. ನನ್ನ ಬುದ್ಧಿವಂತಿಕೆ ಕಂಡು ಅವಳಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ವರ್ಷದ ತಪಾಸಣೆಯನ್ನು ಕುರ್ಚಿ ಬಿಟ್ಟೇಳದೆ ಮುಗಿಸುತ್ತಿದ್ದೆ. 'ನೋಡಲಾಗಿದೆ, ಸುಸ್ಥಿತಿಯಲ್ಲಿದೆ' ಎಂದು ನಲವತ್ತೊಂದು ಸಲ ಬರೆಯುವುದಕ್ಕೆ ಒಂದು ಲೋಟ ಕಾಫಿ ಸಾಕಾಗುತ್ತಿತ್ತು.

ಈಗ ನನ್ನ ಭಾವಮೈದನ ವಿಷಯ ಹೇಳಬೇಕು. ಅವನು ಕಾಲೇಜಿನ ಬಡಗಿ. ಕೆಲಸ ಮಾಡುವಾಗ ತುಟಿಯ ಮೂಲೆಯಲ್ಲಿ ಯಾವಾಗಲೂ ಎರಡು ಮೊಳೆ ಕಚ್ಚಿಕೊಂಡಿರುತ್ತಾನೆ, ಮಾತಾಡುವಾಗಲೂ ತೆಗೆಯುವುದಿಲ್ಲ, ಆದ್ದರಿಂದ ಎಲ್ಲರ ಬಾಯಲ್ಲೂ ಅವನು ಮೊಳೆ. ವಯಸ್ಸು ಮೂವತ್ತನಾಲ್ಕು. ತಾಯಿ ಹೋದಾಗ ಅವನಿಗೆ ಏಳು ವರ್ಷ. ನನ್ನ ಹೆಂಡತಿಯೇ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು. ಮದುವೆಯಾಗಿ ಅವಳು ನಮ್ಮ ಮನೆಗೆ ಬಂದಾಗ ಅವನೂ ಅವಳ ಸೆರಗು ಹಿಡಿದು ಬಂದ. ಈ ಕೆಲಸಕ್ಕೆ ಅವನನ್ನು ಸೇರಿಸಿದವನು ನಾನು. ಅವನದೊಂದು ಅಭ್ಯಾಸ ಉಂಟು. ಗೋಡೆಗೆ ತೂತು ಕೊರೆದ ಮೇಲೆ ಕಣ್ಣು ಮುಚ್ಚಿ, ತೂತಿಗೆ ಬಾಯಿ ಹತ್ತಿರ ತಂದು, ಮೇಣದಬತ್ತಿ ಆರಿಸುವ ಹಾಗೆ ಫೂ ಎಂದು ಊದುತ್ತಾನೆ. ಒಳಗಿನ ಪುಡಿಯೆಲ್ಲ ಮುಖದ ಮೇಲೆ ಬರುತ್ತದೆ. ಊದದೆ ಹಾಕಿದ ಸ್ಕ್ರೂ ನಿಲ್ಲುವುದಿಲ್ಲ ಎಂಬುದು ಅವನ ವಾದ. ಅವನು ಹಾಕಿದ ಸ್ಕ್ರೂ ಅಲುಗಿದ್ದನ್ನು ನಾನೂ ಕಂಡಿಲ್ಲ.

ಕಾಲೇಜಿಗೆ ದರ್ಜೆ ಕೊಡುವ ಸಮಿತಿಯವರು ಬರುವವರಿದ್ದರು. ಒಂದು ವಾರ ಮುಂಚೆ ಹಳೆಯ ಕಟ್ಟಡಕ್ಕೆಲ್ಲ ಬಣ್ಣ. ಬಣ್ಣದವನು ಬಂದು, "ಸಾರ್, ಈ ಹಳದಿ ಚೀಟಿ ಮೇಲೆ ಬಳೀಲಾ, ಕಿತ್ತು ಬಳೀಲಾ?" ಎಂದು ಕೇಳಿದ. ಪಾಪ, ಕೇಳಿಯಾದರೂ ಕೇಳಿದ. "ಕಿತ್ತಿಟ್ಕೋ, ಆಮೇಲೆ ನಾನು ಅಂಟಿಸ್ತೀನಿ," ಎಂದೆ. ನಾಲ್ಕು ದಿನದ ಮೇಲೆ ಅವನು ಬಕೆಟ್ಟಿನ ಮುಚ್ಚಳದ ತುಂಬ ಚೀಟಿಗಳನ್ನು ಮೆತ್ತಿಕೊಂಡು ಬಂದು ಕೊಟ್ಟ. ಆ ಮುಚ್ಚಳ ಹಿಡಿದು ಕಟ್ಟಡವೆಲ್ಲ ಸುತ್ತಿ, ಈ ಕ್ಯಾಂಪಸ್ಸಿನ ಇಟ್ಟಿಗೆ ಇಟ್ಟಿಗೆಯೂ ನನಗೆ ಗೊತ್ತೆಂಬ ಜಂಬದಲ್ಲಿ, ನೆನಪಿನಿಂದಲೇ ಒಂದೊಂದಾಗಿ ಅಂಟಿಸುತ್ತ ಹೋದೆ. ಕೊನೆಗೆ ಮುಚ್ಚಳದಲ್ಲಿ ಒಂದು ಉಳಿಯಿತು.

ಒಂದು ಉಳಿದಿದೆ ಎಂದರೆ ಒಂದು ಜಾಗ ಬಿಟ್ಟುಹೋಗಿದೆ ಎಂದು ಮಗುವಿಗೂ ಗೊತ್ತಾಗುತ್ತದೆ. ರಿಜಿಸ್ಟರ್ ನನ್ನ ಬೆನ್ನ ಹಿಂದಿನ ಬೀರುವಿನಲ್ಲಿತ್ತು. ಕುರ್ಚಿಯಿಂದ ಏಳಬೇಕಿತ್ತು, ಅಷ್ಟೇ. ಆ ಬಣ್ಣದವನು ಎಲ್ಲೋ ಒಂದು ಹೆಚ್ಚಿಗೆ ಕಿತ್ತಿರಬೇಕೆಂದು ಅವನನ್ನೇ ಮನಸ್ಸಿನಲ್ಲಿ ಬೈದು, ಚೀಟಿಯನ್ನು ಮೇಜಿನ ಖಾನೆಯೊಳಗೆ ಅಂಟಿಸಿ ಮುಚ್ಚಿದೆ.

ಸಮಿತಿ ಬಂದು ಹೋದ ಮಾರನೆಯ ವಾರ ಭೂಗೋಳದ ಮೇಡಂ ಬಂದು, ನಕ್ಷೆಗಳ ಕೋಣೆಯಲ್ಲಿ ಸುರುಳಿಗಳನ್ನು ತೂಗುಹಾಕಲು ಗೋಡೆಗೆ ಕಬ್ಬಿಣದ ಕೊಕ್ಕೆ ಬೇಕೆಂದರು. ಮೊಳೆಯನ್ನು ಕಳಿಸಿದೆ. ಅವನು ಕೋಣೆಯ ನಾಲ್ಕು ಗೋಡೆಯನ್ನೂ ಬಾಗಿಲನ್ನೂ ನೋಡಿದ, ಹಳದಿ ಕಾಣಲಿಲ್ಲ, ಕೊರೆದ. ಎರಡು ದಿನ, ಮೂವತ್ತಾರು ತೂತು, ಮೂವತ್ತಾರು ಸಲ ಫೂ. ನಡುವೆ ಒಮ್ಮೆ ನಾನೇ ಹೋಗಿ ಬಾಗಿಲಲ್ಲಿ ನಿಂತು ಹೇಗೆ ನಡೆದಿದೆಯೆಂದು ನೋಡಿದ್ದೆ. ಅವನ ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿತ್ತು. "ಏನೋ, ಇಷ್ಟು ಬೇಗ ತಾತ ಆಗ್ಬಿಟ್ಯಾ?" ಎಂದೆ. ಮೊಳೆ ಕಚ್ಚಿದ ಬಾಯಲ್ಲೇ ನಕ್ಕ. ನಾನೂ ನಕ್ಕೆ.

ನಾಲ್ಕು ತಿಂಗಳ ಮೇಲೆ ವರ್ಷದ ತಪಾಸಣೆ ಬಂತು. ಈ ಸಲ ಪ್ರಾಂಶುಪಾಲರು ಪ್ರತಿ ಜಾಗದ ಫೋಟೋ ಬೇಕೆಂದರು, ಹಾಗಾಗಿ ವಿಧಿಯಿಲ್ಲದೆ ರಿಜಿಸ್ಟರ್ ಹಿಡಿದು ಹೊರಟೆ. ಮೂವತ್ತಮೂರನೆಯ ಪುಟದಲ್ಲಿ 'ಸಸ್ಯ ಒಣಗಿಸುವ ಕೋಣೆ, ನಾಲ್ಕೂ ಗೋಡೆ, ಕಲ್ನಾರು ಹಲಗೆ' ಎಂದಿತ್ತು. ಸಸ್ಯ ಒಣಗಿಸುವ ಕೋಣೆ ಎಲ್ಲಿದೆ ಈಗ? ಸಸ್ಯಶಾಸ್ತ್ರದವರು ಹೊಸ ಕಟ್ಟಡಕ್ಕೆ ಹೋಗಿ ಐದು ವರ್ಷವಾಯಿತು. ಅವರು ಬಿಟ್ಟುಹೋದ ಕೋಣೆಯನ್ನು ಕೊಟ್ಟದ್ದು ಭೂಗೋಳದವರಿಗೆ.

ಓಡಿದೆ ಎಂದೇ ಹೇಳಬೇಕು. ಖಂಡ ಸಾಗರಗಳೆಲ್ಲ ಸುರುಳಿಸುತ್ತಿಕೊಂಡು ಸಾಲಾಗಿ ತೂಗಾಡುತ್ತಿದ್ದವು. ಅವುಗಳ ಮೇಲೆ ಮೂವತ್ತಾರು ಸ್ಕ್ರೂಗಳ ತಲೆ, ಒಂದಿಷ್ಟೂ ಅಲುಗದಂತೆ, ಅಚ್ಚುಕಟ್ಟಾಗಿ.

ಆಗ ನಾನು ಏನು ಮಾಡಬೇಕಿತ್ತೋ ಅದು ನನಗೆ ಬಾಯಿಪಾಠ. ಕೋಣೆಗೆ ಬೀಗ ಹಾಕಬೇಕು, ಪ್ರಾಂಶುಪಾಲರಿಗೆ ಬರೆದು ತಿಳಿಸಬೇಕು, ಕೊರೆದವನಿಗೆ ಹೇಳಬೇಕು, ವೈದ್ಯರ ಹತ್ತಿರ ಕಳಿಸಬೇಕು. ನಾನು ಮಾಡಿದ್ದು ಇಷ್ಟು: ಖಾನೆಯೊಳಗಿನ ಚೀಟಿ ಕಿತ್ತು ತಂದು ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದೆ. ತೂತುಗಳೆಲ್ಲ ಸ್ಕ್ರೂನಿಂದ ಮುಚ್ಚಿವೆ, ಪುಡಿ ಎಂದೋ ಹೋಗಿದೆ, ಈಗ ಹೇಳಿ ಅವನ ನಿದ್ದೆ ಕೆಡಿಸುವುದೇಕೆ ಎಂದು ನನ್ನ ಕಿವಿಗೆ ನಾನೇ ಊದಿಕೊಂಡೆ. ರಿಜಿಸ್ಟರಿನಲ್ಲಿ 'ನೋಡಲಾಗಿದೆ, ಸುಸ್ಥಿತಿಯಲ್ಲಿದೆ' ಎಂದು ಬರೆದು ಸಹಿ ಹಾಕಿದೆ. ಆರು ವರ್ಷದಲ್ಲಿ ಮೊದಲ ಸಲ ನಿಜವಾಗಿ ಹೋಗಿ ನೋಡಿದ ವರ್ಷದ ಸಹಿಯೇ ಸುಳ್ಳಾಯಿತು.

ಆ ಒಂಬತ್ತು ದಿನ ಹೇಗೆ ಕಳೆದೆನೋ. ಭಾನುವಾರ ಮೊಳೆ ಎಂದಿನಂತೆ ಊಟಕ್ಕೆ ಬಂದ. ನೀರು ಕುಡಿಯುವಾಗ ನೆತ್ತಿಗೆ ಹತ್ತಿ ಕೆಮ್ಮಿದ. ನನ್ನ ಕೈಯ ತುತ್ತು ತಟ್ಟೆಗೆ ಬಿತ್ತು. "ಏನಾಯ್ತ್ರೀ, ಅವನು ಕೆಮ್ಮಿದ್ರೆ ನಿಮಗ್ಯಾಕೆ ನೆತ್ತಿಗೆ ಹತ್ತುತ್ತೆ?" ಎಂದು ಹೆಂಡತಿ ನಕ್ಕಳು. ಅವನ ಬೆನ್ನು ತಟ್ಟುತ್ತ, "ನಿಧಾನ ಕುಡಿಯೋ ಕೋಣ," ಎಂದಳು. ಮೂವತ್ತನಾಲ್ಕು ವರ್ಷದ ಕೋಣ ಅಕ್ಕನ ಸೆರಗಿನಲ್ಲಿ ಬಾಯಿ ಒರೆಸಿಕೊಂಡಿತು. ನನಗೆ ಎದ್ದು ಹೋಗಿ ಹಿತ್ತಲಲ್ಲಿ ನಿಲ್ಲಬೇಕೆನ್ನಿಸಿತು. ನಾಳೆ ಹೇಳುತ್ತೇನೆ ಎಂದುಕೊಂಡೆ, ಮಾರನೆಯ ದಿನವೂ ಅದನ್ನೇ ಅಂದುಕೊಂಡೆ.

ಒಂಬತ್ತನೆಯ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತು. ಮೊಳೆ ನನ್ನ ಕೋಣೆಗೆ ಬಂದ. ಬಲಗೈಯ ತೋರುಬೆರಳು ಮುಂದೆ ಚಾಚಿದ್ದ. ಬೆರಳ ತುದಿಯಲ್ಲಿ ಹಳದಿ ಚೀಟಿ.

"ಭಾವ, ನಿಮ್ಮ ಸ್ಟೂಡೆಂಟುಗಳಿಗೆ ನಾಲ್ಕು ಬಿಡ್ಬೇಕು. ನಕ್ಷೆ ಕೋಣೆಗೆ ತಮಾಷೆಗೆ ಇದನ್ನ ತಂದು ಅಂಟಿಸಿದಾರೆ. ಎಲ್ಲಿಂದ ಕಿತ್ರೋ ಏನೋ, ನೋಡಿ, ಆ ಜಾಗ ಖಾಲಿ ಬಿದ್ದಿರುತ್ತೆ."

"ತಮಾಷೆಗೆ ಅಂತ ಹೇಗೆ ಗೊತ್ತಾಯ್ತು?"

"ಅಲ್ಲಿ ಮೂವತ್ತಾರು ತೂತು ಕೊರೆದೋನು ನಾನೇ ಅಲ್ವಾ? ಇದ್ದಿದ್ರೆ ನೀವು ಅವತ್ತೇ ಹಾಕಿರ್ತಿದ್ರಿ. ನಿಮ್ಮ ಕಣ್ಣು ತಪ್ಪುತ್ತಾ?" ಬಾಯಿಯ ಮೂಲೆಯ ಮೊಳೆ ಮೇಲೆ ಕೆಳಗೆ ಕುಣಿಯಿತು. "ಮೇಡಂಗೆ ಇನ್ನೊಂದು ಸಾಲು ಬೇಕಂತೆ. ಎರಡು ತೂತು ಹಾಕಿದೆ, ಅಷ್ಟರಲ್ಲಿ ಇದು ನೆನಪಾಯ್ತು, ಮೊದಲು ಕೊಟ್ಟು ಬರೋಣ ಅಂತ ಬಂದೆ."

ಆಗ ಅವನ ಮುಖ ನೋಡಿದೆ. ಹುಬ್ಬಿನ ಮೇಲೆ, ಮೀಸೆಯ ಮೇಲೆ ಬೂದು ಬಿಳುಪು.

ಮೊದಲಿನ ಮೂವತ್ತಾರು ನನ್ನ ಸೋಮಾರಿತನ. ಈ ಎರಡಕ್ಕೆ ಸೋಮಾರಿತನದ ನೆವವೂ ಇಲ್ಲ. ಗೊತ್ತಿದ್ದೂ ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತು ಆ ಎರಡನ್ನು ಕೊರೆಸಿದವನು ನಾನು.

"ಆ ಚೀಟಿ ನಾನೇ ಅಂಟಿಸಿದ್ದು," ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಎಲ್ಲ ಹೇಳಿದೆ. ಬಕೆಟ್ಟಿನ ಮುಚ್ಚಳ, ಉಳಿದ ಚೀಟಿ, ಮೇಜಿನ ಖಾನೆ, ಮೂವತ್ತಮೂರನೆಯ ಪುಟ, ಒಂಬತ್ತು ದಿನ. ಹೇಳುತ್ತಿದ್ದಂತೆ ಅವನು ತುಟಿಯಿಂದ ಮೊಳೆಗಳನ್ನು ತೆಗೆದು ನನ್ನ ಮೇಜಿನ ಮೇಲಿಟ್ಟ. ಅವನ ತುಟಿ ಖಾಲಿಯಾಗಿದ್ದನ್ನು ಕೆಲಸದ ಹೊತ್ತಿನಲ್ಲಿ ನಾನು ನೋಡಿದ್ದು ಅದೇ ಮೊದಲು. ಆಮೇಲೆ ಗಾಬರಿಯಿಂದ ಅಂಗಿ ಕೊಡವಲು ಕೈಯೆತ್ತಿದ.

"ಕೊಡವಬೇಡ!" ಎಂದು ಕಿರುಚಿದೆ.

ಮುಂದಿನದನ್ನೆಲ್ಲ ಪಾಠದಲ್ಲಿ ಹೇಳಿದಂತೆ ಮಾಡಿದೆ. ಒದ್ದೆ ಬಟ್ಟೆಯಲ್ಲಿ ಅವನ ಮುಖ, ಕತ್ತು, ಕೈ ಒರೆಸಿದೆ. ಅಂಗಿಯ ಮೇಲೆ ನೀರು ಚಿಮುಕಿಸಿ ನಿಧಾನವಾಗಿ ಬಿಚ್ಚಿಸಿ ಎರಡು ಚೀಲದೊಳಗೆ ಹಾಕಿ ಬಾಯಿ ಕಟ್ಟಿದೆ. ನಕ್ಷೆ ಕೋಣೆಗೆ ಬೀಗ ಜಡಿದು ಬಂದು, ಗೋಡೆಗೆ ತೂಗುಹಾಕಿದ್ದ ನನ್ನ ಅಂಗಿಯನ್ನು ಅವನಿಗೆ ತೊಡಿಸಿದೆ. ಎಷ್ಟು ಚೆನ್ನಾಗಿ ಗೊತ್ತಿತ್ತು ನನಗೆ ಎಲ್ಲ! ನಾಚಿಕೆಯಿಂದ ಸಾಯುವ ಹಾಗಾಯಿತು.

"ಏನಾಗುತ್ತೆ?" ಎಂದ.

"ಏನೂ ಆಗ್ದೇನೂ ಇರ್ಬಹುದು."

"ಯಾವಾಗ ಗೊತ್ತಾಗುತ್ತೆ?"

"ಇಪ್ಪತ್ತು ವರ್ಷ. ಮೂವತ್ತು."

ಅವನು ಬೆರಳು ಮಡಚಿ ಏನೋ ಲೆಕ್ಕ ಹಾಕಿದ. ಅವನಿಗೊಬ್ಬಳು ನಾಲ್ಕು ವರ್ಷದ ಮಗಳಿದ್ದಾಳೆ. ತಲೆಯೆತ್ತಿ, "ದೊಡ್ಡಮ್ಮಂಗೆ ಹೇಳಿದ್ರಾ?" ಎಂದ.

ದೊಡ್ಡಮ್ಮ ಎಂದರೆ ಆ ಕಟ್ಟಡ ಗುಡಿಸುವಾಕೆ. ವಿದ್ಯಾರ್ಥಿಗಳಿಂದ ಹಿಡಿದು ಪ್ರಾಂಶುಪಾಲರವರೆಗೆ ಎಲ್ಲರಿಗೂ ಆಕೆ ದೊಡ್ಡಮ್ಮ.

"ಅವರಿಗ್ಯಾಕೆ?"

"ಕೊರೆದೋನು ನಾನು. ಎರಡು ದಿನಾನೂ ಪುಡಿ ಗುಡಿಸಿ ಎತ್ತಿದ್ದು ಯಾರು ಭಾವ?"

ಒಂಬತ್ತು ದಿನ ಹಗಲೂ ರಾತ್ರಿ ಇದೊಂದನ್ನೇ ಯೋಚಿಸಿದ್ದೆ. ಆ ಯೋಚನೆಯಲ್ಲಿ ಒಂದು ಸಲವಾದರೂ ಆಕೆಯ ಪೊರಕೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಮನೆಯವನೆಂದು ನನ್ನ ಹೊಟ್ಟೆ ಉರಿದಿತ್ತೇ ಹೊರತು ತಪ್ಪು ಮಾಡಿದೆನೆಂದಲ್ಲವೇನೋ.

ಇಬ್ಬರೂ ಹೋದೆವು. ಮೆಟ್ಟಿಲ ಕೆಳಗೆ ಕೂತಿದ್ದ ದೊಡ್ಡಮ್ಮ ಎಲ್ಲ ಕೇಳಿಸಿಕೊಂಡರು. ನಾನು ಬೈಗುಳಕ್ಕೆ ಕಾದು ನಿಂತೆ. ಅವರು ಬೈಯಲಿಲ್ಲ. "ಆ ಪುಡಿ ಕಸದ ಥರ ಇರ್ಲಿಲ್ಲ ಸಾರ್. ಗುಡಿಸಿದಷ್ಟೂ ಗಾಳೀಲೇ ನಿಲ್ತಿತ್ತು," ಎಂದರು. "ಅವತ್ತು ಸೀರೆ ತುಂಬ ಕೂತಿತ್ತು. ಮನೇಲಿ ಮೊಮ್ಮಗೂನ ಹಂಗೇ ಎತ್ಕೊಂಡೆ." ಆಮೇಲೆ ಪೊರಕೆಯನ್ನು ಗೋಡೆಗೆ ಒರಗಿಸಿ, ಅದು ಜಾರದಂತೆ ಎರಡು ಸಲ ಸರಿಮಾಡಿದರು.

ಅಂದೇ ಎಲ್ಲ ಬರೆದು ಕೊಟ್ಟೆ, ಒಂಬತ್ತು ದಿನವನ್ನೂ ಸೇರಿಸಿ. ಪ್ರಾಂಶುಪಾಲರು ಓದಿ, ಕನ್ನಡಕ ತೆಗೆದು, ನನ್ನ ಮುಖ ನೋಡದೆ, "ನಿಮ್ಮನ್ನ ನಂಬಿದ್ದೆ," ಎಂದರು. ನನ್ನ ಸಿಟ್ಟು ಕಂಡವರು ಯಾರೂ ನನ್ನ ಮೇಲೆ ಸಿಟ್ಟಾಗಲಿಲ್ಲ, ಅದೇ ಕಷ್ಟವಾಯಿತು. ಬಡ್ತಿ ನಿಂತಿತು. ಬಿಳಿ ಉಡುಪು, ಮುಖಕವಚ ತೊಟ್ಟವರು ಬಂದು ನಕ್ಷೆ ಕೋಣೆಯನ್ನು ಒದ್ದೆ ಮಾಡಿ ಒರೆಸಿ, ಗೋಡೆಗೆ ದಪ್ಪ ಲೇಪ ಬಳಿದು, ಗಾಳಿಯನ್ನು ಪರೀಕ್ಷಿಸಿ ಹೋದರು. ವೈದ್ಯರು ಮೊಳೆ ಮತ್ತು ದೊಡ್ಡಮ್ಮ ಇಬ್ಬರ ಎದೆಯನ್ನೂ ಫೋಟೋ ತೆಗೆಸಿ ನೋಡಿದರು. "ಈಗ ಏನೂ ಕಾಣಲ್ಲ, ಇಷ್ಟು ಬೇಗ ಕಾಣೋದೂ ಇಲ್ಲ. ಎರಡು ಮೂರು ದಿನದ ಪುಡಿ, ಅಪಾಯ ಕಡಿಮೆ. ಇಲ್ಲವೇ ಇಲ್ಲ ಅಂತ ಹೇಳೋಕೆ ನನ್ನಿಂದ ಆಗಲ್ಲ," ಎಂದರು. ದೊಡ್ಡಮ್ಮನ ಮೊಮ್ಮಗುವಿನ ವಿಷಯವನ್ನೂ ಕೇಳಿ ಬರೆದುಕೊಂಡರು.

ಹೆಂಡತಿಗೆ ನಾನೇ ಹೇಳಿದೆ. ಅವಳು ಕೇಳಿದ್ದು ಒಂದೇ. "ಒಂಬತ್ತು ದಿನ ನನ್ನ ಪಕ್ಕ ಕೂತು ಊಟ ಮಾಡಿದ್ರಲ್ಲ, ಹೇಗ್ರೀ ಆಯ್ತು ನಿಮಗೆ?" ಅವಳು ನನ್ನ ಜೊತೆ ಸರಿಯಾಗಿ ಮಾತಾಡಿದ್ದು ತಿಂಗಳ ಮೇಲೆ.

ಮೊಳೆ ಮೂರು ಭಾನುವಾರ ಬರಲಿಲ್ಲ. ಮೂರನೆಯ ಭಾನುವಾರ ಕಳೆದ ಮಾರನೆಯ ದಿನ ನನ್ನ ಕೋಣೆಗೆ ಬಂದ, ಜೊತೆಯಲ್ಲಿ ದೊಡ್ಡಮ್ಮ. ನಾನು ಎದ್ದು ನಿಂತೆ. ಅವನು ಮೇಜಿನ ಮೇಲಿದ್ದ ಹೊಸ ಹಳದಿ ಚೀಟಿಗಳ ಸುರುಳಿ ತೆಗೆದು, ಒಂದನ್ನು ಬಿಡಿಸಿ, ಅಂಗಿಯ ಎಡಗಡೆ, ಎದೆಯ ಮೇಲೆ ಅಂಟಿಸಿಕೊಂಡ.

"ನಲವತ್ತೆರಡು ಅಂತ ಬರ್ಕೊಳ್ಳಿ ಭಾವ. ವರ್ಷಕ್ಕೊಂದು ಸಲ ತಪಾಸಣೆ. ಕೂತಲ್ಲೇ ಸಹಿ ಹಾಕೋದಲ್ಲ, ಬಂದು ನೋಡ್ಬೇಕು."

ತಮಾಷೆಯೋ ನಿಜವೋ ತಿಳಿಯದೆ ಅವನ ಮುಖ ನೋಡಿದೆ. ತುಟಿಯಲ್ಲಿ ಮೊಳೆಯಿಲ್ಲ, ನಗುವೂ ಇಲ್ಲ.

"ಹಂಗಾದ್ರೆ ನಲವತ್ತಮೂರು ನಾನು," ಎಂದು ದೊಡ್ಡಮ್ಮ ಕೈಚಾಚಿದರು. "ನನಗೆ ಒಂದು ಸಾಲದು, ಮೊಮ್ಮಗೂಗೂ ಒಂದು ಕೊಡಿ." ನಾನು ಬಿಡಿಸಿ ಕೊಟ್ಟೆ. ಬಿಡಿಸುವಾಗ ಒಂದು ಚೀಟಿ ಹರಿದೇ ಹೋಯಿತು. ಇನ್ನೊಂದು ಕೊಟ್ಟೆ.

ಅದಾಗಿ ವರ್ಷ ತುಂಬಿತು. ಈಗ ರಿಜಿಸ್ಟರ್ ತೆಗೆಯದೆ ಕ್ಯಾಂಪಸ್ಸಿನಲ್ಲಿ ಒಂದು ಮೊಳೆಯೂ ಗೋಡೆಗಿಳಿಯುವುದಿಲ್ಲ, ಅನುಮತಿ ಚೀಟಿಯ ಪುಸ್ತಕ ಮೂರು ಮುಗಿದಿವೆ. ಈ ಸಲ ನಲವತ್ತೊಂದು ಜಾಗಕ್ಕೂ ಹೋಗಿ, ಏಣಿ ಹತ್ತಿ, ಟಾರ್ಚು ಹಾಕಿ ನೋಡಿದೆ. ಸಂಜೆ ರಿಜಿಸ್ಟರ್ ಕಂಕುಳಲ್ಲಿಟ್ಟುಕೊಂಡು ದೊಡ್ಡಮ್ಮನ ಮನೆಗೆ ಹೋದೆ. ಮೊಮ್ಮಗು ಅಂಗಳದಲ್ಲಿ ಓಡಾಡುತ್ತಿತ್ತು. "ನೋಡ್ಕೊಳ್ಳಿ, ಇಬ್ರೂ ಇದೀವಿ," ಎಂದರು ದೊಡ್ಡಮ್ಮ. ಒಳಗೆ ಕರೆಯಲಿಲ್ಲ. ಅಲ್ಲಿಂದ ಮೊಳೆಯ ಮನೆಗೆ ಹೋದೆ. ಅವನು ಮಗಳಿಗೆ ಪುಟ್ಟ ಸ್ಟೂಲೊಂದನ್ನು ಮಾಡುತ್ತಿದ್ದ. ತೂತು ಕೊರೆದು, ಬಾಯಿ ಹತ್ತಿರ ತಂದು, ಅರ್ಧಕ್ಕೇ ತಡೆದು, ಪಕ್ಕದಲ್ಲಿದ್ದ ಒದ್ದೆ ಬಟ್ಟೆಯಿಂದ ಒರೆಸಿದ. ಮರದ ಪುಡಿಗೂ ಈಗ ಊದುವುದಿಲ್ಲ.

ನನ್ನನ್ನು ನೋಡಿ ಎದ್ದು ನಿಂತ. ಎದೆ ತುಂಬ ಒಮ್ಮೆ ಉಸಿರೆಳೆದು, ನನಗೆ ಕೇಳಿಸುವ ಹಾಗೆ ನಿಧಾನವಾಗಿ ಬಿಟ್ಟ.

"ಬರ್ಕೊಳ್ಳಿ ಭಾವ."

ನನಗೀಗ ಐವತ್ತಾರು. ಮೂವತ್ತು ವರ್ಷ ಹೀಗೆ ಬಂದು ಬರೆಯಬೇಕೆಂದರೆ ಎಂಬತ್ತಾರು ದಾಟಬೇಕು. ನನ್ನ ಅಪ್ಪ ಅರವತ್ತಕ್ಕೇ ಹೋದ. ಬದುಕಬೇಕೆಂಬ ಆಸೆ ನನಗೆ ಇಷ್ಟು ಯಾವತ್ತೂ ಇರಲಿಲ್ಲ.

ಹೊಸ್ತಿಲ ಮೇಲೆ ಕೂತು ರಿಜಿಸ್ಟರ್ ಬಿಚ್ಚಿದೆ. ನಲವತ್ತೆರಡರ ಮುಂದೆ ತಾರೀಖು ಬರೆದೆ. 'ಸುಸ್ಥಿತಿಯಲ್ಲಿದೆ' ಎಂದು ಬರೆಯಲು ಕೈ ತಾನಾಗಿ ಹೊರಟಿತು, ಆರು ವರ್ಷದ ಅಭ್ಯಾಸ. ತಡೆದೆ. ಅದು ನನಗೆ ಗೊತ್ತಿಲ್ಲ. ಗೊತ್ತಿದ್ದದ್ದನ್ನು ಮಾತ್ರ ಬರೆದು ಸಹಿ ಹಾಕಿದೆ: 'ನೋಡಿದೆ.'